ಮೀನು ಲೋಡಿನ ಪಿಕಪ್: ಸೆಲ್ಫ್ ಹೊಡೆದಾಗ ಸುಟ್ಟ ವಾಸನೆ ಬರುವುದು ಯಾಕೆ?

ಮಂಜೇಶ್ವರ, ಉಪ್ಪಳ ಕಡೆ ಮೀನು ಸಾಗಿಸುವ ಪಿಕಪ್‌ನಲ್ಲಿ ಸೆಲ್ಫ್ ಹೊಡೆದಾಗ ಸುಟ್ಟ ವಾಸನೆ ಬಂದರೆ, ಬ್ಯಾಟರಿ ಬದಲಿಸುವ ಮೊದಲು ಅರ್ಥ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಹಿಂತಿರುಗುವ ದಾರಿ, ನೋಡಿ. ಪೆಟ್ಟಿಗೆಯಿಂದ ಸೋರುವ ಉಪ್ಪುನೀರು ಎಂಜಿನ್–ಚಾಸಿ ನಡುವಿನ ಅರ್ಥ್ ಪಟ್ಟಿಯ ಬುಡವನ್ನು ತಿನ್ನುತ್ತದೆ. ಡೀಸೆಲ್ ಗಾಡಿಯ ಸ್ಟಾರ್ಟರ್ ಎಳೆಯುವುದು ನೂರಾರು ಆಂಪಿಯರ್. ಸರಿಯಾದ ದಾರಿ ಇಲ್ಲದಾಗ ಆ ಕರೆಂಟ್ ಗೇರ್, ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳ ಮೂಲಕ ಹಿಂತಿರುಗಿ ಅವುಗಳ ಒಳಗಿನ ಪ್ಲಾಸ್ಟಿಕ್ ಕರಗಿಸುತ್ತದೆ. ಹಳೆಯ ಗಾಡಿಯ ಆಕ್ಸಿಲರೇಟರ್ ಕೇಬಲ್ ಹೀಗೆ ಕಚ್ಚಿಕೊಂಡರೆ ಕಾಲು ತೆಗೆದರೂ ವೇಗ ಇಳಿಯದು. ನಿಜವಾಗಿ ಹೆದರಬೇಕಾದ್ದು ಅದಕ್ಕೆ.

ಪರೀಕ್ಷೆ ಸುಲಭ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೂ ಕಪ್ಪನ್ನು ಬ್ಯಾಟರಿಯ ನೆಗೆಟಿವ್ ಪೋಸ್ಟಿಗೂ ಒತ್ತಿ ಸೆಲ್ಫ್ ಹೊಡೆಸಿ. ಪೋಸ್ಟಿನ ಬದಲು ಅದನ್ನು ಹಿಡಿದಿರುವ ವೈರಿನ ಕ್ಲ್ಯಾಂಪಿಗೆ ಒತ್ತಿದರೆ ಅಲ್ಲಿನ ದೋಷ ತಿಳಿಯದು. 0.3 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ, 0.5 ದಾಟಿದರೆ ಅರ್ಥ್ ಕೆಟ್ಟಿದೆ.

ಮೊದಲು ನೆಗೆಟಿವ್ ಕಳಚಿ. ಪಟ್ಟಿಯ ಎರಡೂ ತುದಿ, ಬೋಲ್ಟು ಕೂರುವ ಜಾಗ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಿ, ಬಿಗಿಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಎಳೆಗಳು ಹಸಿರುಗಟ್ಟಿದ್ದರೆ ಪಟ್ಟಿಯನ್ನೇ ಬದಲಿಸಿ, ಅಷ್ಟೇ ದಪ್ಪದ್ದು ಇರಲಿ. ಬಿಸಿಯಾಗಿದ್ದ ಕೇಬಲ್‌ಗಳನ್ನೂ ಬದಲಿಸಲೇಬೇಕು. ಎಣ್ಣೆ ಹಾಕಿ ಓಡಿಸಬೇಡಿ.

ಗಾಡಿಯ ಕೆಳಗೆ ಮಲಗಿದಾಗ ಹಿಂದಿನ ಬ್ರೇಕ್ ಪೈಪನ್ನೂ ಕ್ಲಿಪ್ ಬಿಡಿಸಿ ನೋಡಿ. ತುಕ್ಕು ಹಿಡಿದು ತೂತಾಗುವುದು ಹೆಚ್ಚಾಗಿ ಕ್ಲಿಪ್ಪಿನ ಅಡಿಯಲ್ಲೇ. ಲೋಡ್ ಇಳಿಸಿದ ದಿನವೇ ಸಿಹಿನೀರಿನಿಂದ ಚಾಸಿ ತೊಳೆಯಿರಿ.