ಲೀಗಲ್ ಸ್ಟಡೀಸ್ ಉತ್ತರದಲ್ಲಿ ಕೇಸುಗಳನ್ನು ಆಧಾರವಾಗಿ ಬಳಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಹನ್ನೊಂದನೇ ತರಗತಿಯಲ್ಲಿ ಸಿಬಿಎಸ್‌ಇ ಲೀಗಲ್ ಸ್ಟಡೀಸ್ ತೆಗೆದುಕೊಂಡಿದ್ದೀರಿ, ಪ್ರತಿ ಉತ್ತರದಲ್ಲೂ ಮೂರು ನಾಲ್ಕು ಕೇಸುಗಳ ಹೆಸರು ಬರೆಯುತ್ತೀರಿ, ಆದರೂ ಟೀಚರ್ "ಕೇಸ್ ಬರೆದಿದ್ದೀಯ, ಬಳಸಿಲ್ಲ" ಎಂದು ಅಂಕ ಕಳೆಯುತ್ತಾರೆ. ಹಾಗಾದರೆ ಇನ್ನೂ ಎಷ್ಟು ಕೇಸು ಬಾಯಿಪಾಠ ಮಾಡಬೇಕು?

ಇನ್ನೂ ಹೆಚ್ಚು ಬೇಡ. ಒಂದು ಅಧ್ಯಾಯಕ್ಕೆ ಎರಡೋ ಮೂರೋ ಸಾಕು, ಇಡೀ ವರ್ಷಕ್ಕೆ ಇಪ್ಪತ್ತೈದು ದಾಟಬೇಕಾಗಿಲ್ಲ. ನಿಮ್ಮ ಟೀಚರ್ ಹೇಳುತ್ತಿರುವುದು ಬೇರೆ ಮಾತು, ಮತ್ತು ಅದು ಸರಿಯಾದ ಮಾತು. ಕೇಸಿನ ಹೆಸರು ಆಧಾರವಲ್ಲ. ಆ ಕೇಸಿನಲ್ಲಿ ನ್ಯಾಯಾಲಯ ಯಾವ ಕಾರಣ ಕೊಟ್ಟು ಯಾವ ತೀರ್ಮಾನಕ್ಕೆ ಬಂತು ಎಂಬುದು ಆಧಾರ. ನೀವು ಮೊದಲು ಒಂದು ಮಾತು ಹೇಳಬೇಕು, ಆಮೇಲೆ ಆ ಮಾತಿಗೆ ಕೇಸು ಬಂದು ನಿಲ್ಲಬೇಕು. ಹೆಚ್ಚಿನವರು ಕೇಸನ್ನು ಮೊದಲು ಇಟ್ಟು, ಅದರಿಂದ ಏನು ಸಾಬೀತಾಯಿತು ಎನ್ನುವುದನ್ನೇ ಬಿಟ್ಟುಬಿಡುತ್ತಾರೆ.

ತೀರ್ಪಿಗೆ ಈ ತೂಕ ಬಂದದ್ದು ಎಲ್ಲಿಂದ ಎಂಬುದನ್ನೂ ತಿಳಿದಿರಿ. ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೆ ಬಂಧನಕಾರಿ. "ಘೋಷಿಸಿದ ಕಾನೂನು" ಎಂದರೆ ತೀರ್ಪಿನ ಪ್ರತಿಯೊಂದು ಸಾಲೂ ಅಲ್ಲ, ತೀರ್ಮಾನಕ್ಕೆ ಬೇಕೇಬೇಕಾದ ಕಾರಣ ಮಾತ್ರ. ಅದನ್ನೇ ಪುಸ್ತಕದಲ್ಲಿ ರೇಶಿಯೊ ಎನ್ನುತ್ತಾರೆ. ನ್ಯಾಯಮೂರ್ತಿಗಳು ದಾರಿಯಲ್ಲಿ ಹೇಳಿಹೋದ ಉಳಿದ ಮಾತು ಒಬಿಟರ್.

ಒಂದು ಕೇಸನ್ನು ಬಿಚ್ಚಿ ತೋರಿಸುತ್ತೇನೆ. ಮೊಹೊರಿ ಬೀಬಿ ವಿರುದ್ಧ ಧರ್ಮೋದಾಸ್ ಘೋಷ್, ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯ), 1903. ಕರಾರಿನ ಅಧ್ಯಾಯದಲ್ಲಿ ಇದು ಬಂದೇ ಬರುತ್ತದೆ. 1895ರಲ್ಲಿ ಕಲ್ಕತ್ತಾದ ಧರ್ಮೋದಾಸ್ ಎಂಬ ಅಪ್ರಾಪ್ತ, ಬ್ರಹ್ಮೋ ದತ್ ಎಂಬ ಸಾಹುಕಾರನಿಗೆ ಮನೆಗಳನ್ನು ಅಡವಿಟ್ಟ. ಪತ್ರದಲ್ಲಿ 20,000 ರೂಪಾಯಿ, ಬಡ್ಡಿ ಶೇ 12. ಸಾಹುಕಾರನ ಪರವಾಗಿ ವ್ಯವಹಾರ ನಡೆಸಿದ ವಕೀಲನಿಗೆ ಹುಡುಗ ಅಪ್ರಾಪ್ತ ಎಂಬ ವಿಷಯ ಮೊದಲೇ ಪತ್ರದ ಮೂಲಕ ತಿಳಿದಿತ್ತು. ಆಮೇಲೆ ಹುಡುಗನ ಪರವಾಗಿ ತಾಯಿ, ಅಡಮಾನ ಊರ್ಜಿತವಲ್ಲ ಎಂದು ದಾವೆ ಹೂಡಿದರು. ಬ್ರಹ್ಮೋ ದತ್ ತೀರಿಕೊಂಡಿದ್ದರಿಂದ ಸಾಹುಕಾರನ ಕಡೆಯ ಮೇಲ್ಮನವಿ ಮೊಹೊರಿ ಬೀಬಿಯ ಹೆಸರಿನಲ್ಲಿ ನಡೆಯಿತು.

ಪ್ರಿವಿ ಕೌನ್ಸಿಲ್ 1872ರ ಕರಾರು ಕಾಯ್ದೆಯ 10 ಮತ್ತು 11ನೇ ಸೆಕ್ಷನ್‌ಗಳನ್ನು ಒಟ್ಟಿಗೆ ಓದಿ, ಅಪ್ರಾಪ್ತನಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲ, ಆದ್ದರಿಂದ ಅವನ ಒಪ್ಪಂದ ಮೊದಲಿನಿಂದಲೇ ಶೂನ್ಯ ಎಂದಿತು. ಕೊಟ್ಟ ಹಣ ವಾಪಸು ಬೇಕೆಂದು 64 ಮತ್ತು 65ನೇ ಸೆಕ್ಷನ್ ಹಿಡಿದು ಬಂದದ್ದೂ ನಡೆಯಲಿಲ್ಲ, ಏಕೆಂದರೆ ಆ ಸೆಕ್ಷನ್‌ಗಳಿಗೆ ಮೊದಲು ಕರಾರು ಮಾಡಲು ಅರ್ಹರಾದವರ ನಡುವಿನ ವ್ಯವಹಾರ ಇರಬೇಕು.

ಈಗ ಪರೀಕ್ಷೆಯ ಪ್ರಶ್ನೆ ಹೀಗಿದೆ ಎಂದುಕೊಳ್ಳಿ: ಹದಿನೇಳು ವರ್ಷದ ಹುಡುಗ ತನಗೆ ಹತ್ತೊಂಬತ್ತು ಎಂದು ಸುಳ್ಳು ಹೇಳಿ ಕಂತಿನ ಮೇಲೆ ಮೊಬೈಲ್ ಕೊಂಡ, ಕಂತು ಕಟ್ಟಲಿಲ್ಲ, ಅಂಗಡಿಯವರು ದಾವೆ ಹಾಕಿದರು.

ಅಂಕ ತರದ ಸಾಲು: "ಅಪ್ರಾಪ್ತರ ಕುರಿತು ಮೊಹೊರಿ ಬೀಬಿ ಪ್ರಕರಣ ಬಹಳ ಮಹತ್ವದ್ದು." ಇದರಿಂದ ಏನೂ ಸಾಬೀತಾಗಲಿಲ್ಲ.

ಅಂಕ ತರುವ ಸಾಲುಗಳು: "ಕಂತಿನ ಹಣ ಕೊಡಿಸಿಕೊಳ್ಳಲು ಕರಾರು ಊರ್ಜಿತವಾಗಿರಬೇಕು. ಅಪ್ರಾಪ್ತನ ಒಪ್ಪಂದ ಶೂನ್ಯ ಎಂದು ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿದೆ, ಏಕೆಂದರೆ 11ನೇ ಸೆಕ್ಷನ್ ಪ್ರಕಾರ ಅವನಿಗೆ ಅರ್ಹತೆಯೇ ಇಲ್ಲ. ಇಲ್ಲಿಯೂ ಹುಡುಗ ಅಪ್ರಾಪ್ತನಾದ್ದರಿಂದ ಕರಾರಿನ ಆಧಾರದ ಮೇಲೆ ಹಣ ಕೇಳಲಾಗದು. ಆದರೆ ಒಂದು ವ್ಯತ್ಯಾಸವಿದೆ: ಅಲ್ಲಿ ಸಾಲ ಕೊಟ್ಟವನ ಕಡೆಯವರಿಗೆ ವಯಸ್ಸು ಗೊತ್ತಿತ್ತು, ಇಲ್ಲಿ ಹುಡುಗ ಮೋಸ ಮಾಡಿದ್ದಾನೆ."

ಆ ಕೊನೆಯ ಸಾಲನ್ನು ಬಹಳ ಜನ ಬರೆಯುವುದೇ ಇಲ್ಲ. ಹಳೆಯ ಕೇಸಿಗೂ ಕೈಯಲ್ಲಿರುವ ಪ್ರಶ್ನೆಗೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ತೋರಿಸಿದಾಗಲೇ ಕೇಸು "ಬಳಕೆ" ಆಯಿತು. ಖಾನ್ ಗುಲ್ ವಿರುದ್ಧ ಲಾಖಾ ಸಿಂಗ್ (ಲಾಹೋರ್ ಹೈಕೋರ್ಟ್, 1928) ಗೊತ್ತಿದ್ದರೆ ಇಲ್ಲಿ ಸೇರಿಸಿ. ಸುಳ್ಳು ಹೇಳಿದ್ದಕ್ಕೆ ಅಪ್ರಾಪ್ತನನ್ನು ಕರಾರಿಗೆ ಕಟ್ಟಿಹಾಕಲಾಗದು, ಆದರೆ ಮೋಸದಿಂದ ಪಡೆದ ಲಾಭವನ್ನು ಹಿಂತಿರುಗಿಸುವಂತೆ ಹೇಳಬಹುದು ಎಂದು ಅಲ್ಲಿ ತೀರ್ಮಾನವಾಯಿತು.

ಬರೆಯುವಾಗ ಅಳತೆ ಇರಲಿ: ವಾಸ್ತವಾಂಶಕ್ಕೆ ಹೆಚ್ಚೆಂದರೆ ಒಂದು ವಾಕ್ಯ, ಕಾರಣ ಮತ್ತು ತೀರ್ಮಾನಕ್ಕೆ ಒಂದು, ನಿಮ್ಮ ಪ್ರಶ್ನೆಗೆ ಜೋಡಿಸಲು ಒಂದೆರಡು. ಸಾಹುಕಾರ, ತಾಯಿ, ವಕೀಲ ಎಂದು ಇಡೀ ಕಥೆ ಬರೆಯುತ್ತಾ ಅರ್ಧ ಪುಟ ಹೋದರೆ ವಿಶ್ಲೇಷಣೆಗೆ ಸಮಯ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು, ಆ ಕೇಸು ಇವತ್ತಿಗೂ ನಿಲ್ಲುತ್ತದೆಯೇ ಎಂದು ನೋಡದಿರುವುದು. ಶಿಕ್ಷಣದ ಹಕ್ಕಿನ ವಿಷಯದಲ್ಲಿ ಇದನ್ನು ಚೆನ್ನಾಗಿ ಕಾಣಬಹುದು, ಅದೂ ನಮ್ಮ ರಾಜ್ಯದ ಕೇಸುಗಳಲ್ಲೇ. 1989ರಲ್ಲಿ ಕರ್ನಾಟಕ ಸರ್ಕಾರದ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ನಿಗದಿ ಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಉಳಿದ ವಿದ್ಯಾರ್ಥಿಗಳಿಗೆ 25,000 ಮೀರದಂತೆ, ಹೊರರಾಜ್ಯದವರಿಗೆ 60,000 ಮೀರದಂತೆ. ಮೀರತ್‌ನ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿದರು. ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ (1992) ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಇದು ಬೇರೆ ಹೆಸರಿನ ಕ್ಯಾಪಿಟೇಷನ್ ಶುಲ್ಕವೇ (ಸೀಟಿಗಾಗಿ ವಸೂಲಿ ಮಾಡುವ ಹೆಚ್ಚುವರಿ ಹಣ), ಶಿಕ್ಷಣದ ಹಕ್ಕು ಜೀವಿಸುವ ಹಕ್ಕಿನ 21ನೇ ವಿಧಿಯಿಂದಲೇ ಹರಿದುಬರುತ್ತದೆ ಎಂದಿತು.

ಉತ್ತರಪತ್ರಿಕೆಗಳಲ್ಲಿ "ಕೋರ್ಟ್ ಮೋಹಿನಿ ಜೈನ್‌ಗೆ ಸೀಟು ಕೊಡಿಸಿತು" ಎಂದು ಬರೆಯುವವರಿದ್ದಾರೆ. ಕೊಡಿಸಲಿಲ್ಲ. ಆಕೆ ಮೆರಿಟ್ ಮೇಲೆ ಪ್ರವೇಶ ಪಡೆದವರಲ್ಲ, ಕೋರ್ಸ್ ಕೂಡ ಆಗಲೇ ಶುರುವಾಗಿತ್ತು ಎಂದು ಆಕೆಗೆ ಪರಿಹಾರ ಸಿಗಲಿಲ್ಲ. ತೀರ್ಪಿನ ಕೊನೆಯ ಪುಟ ಓದಿದವರಿಗೆ ಮಾತ್ರ ಇದು ಗೊತ್ತಿರುತ್ತದೆ.

ಮರುವರ್ಷವೇ, 1993ರಲ್ಲಿ, ಉನ್ನಿಕೃಷ್ಣನ್ ವಿರುದ್ಧ ಆಂಧ್ರಪ್ರದೇಶ ಪ್ರಕರಣದಲ್ಲಿ ಐವರ ಪೀಠ ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗೆ ಎಂದು ಸೀಮಿತಗೊಳಿಸಿತು. ಅದರಾಚೆ ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು. ಜೊತೆಗೆ ಖಾಸಗಿ ವೃತ್ತಿ ಶಿಕ್ಷಣ ಕಾಲೇಜುಗಳಿಗೆ ಉಚಿತ ಸೀಟು, ಪಾವತಿ ಸೀಟು ಎಂಬ ಯೋಜನೆಯನ್ನೂ ರೂಪಿಸಿತು. 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಶನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಯೋಜನೆಯ ಭಾಗವನ್ನು ತಳ್ಳಿಹಾಕಿತು. ಪ್ರಾಥಮಿಕ ಶಿಕ್ಷಣ ಮೂಲಭೂತ ಹಕ್ಕು ಎಂಬ ಭಾಗವನ್ನು ಸರಿ ಎಂದಿತು. ಅದೇ ವರ್ಷ 86ನೇ ತಿದ್ದುಪಡಿಯಿಂದ 21ಎ ವಿಧಿ ಬಂತು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು.

ಈಗ ನೋಡಿ, "ಎಲ್ಲರಿಗೂ ಎಲ್ಲ ಹಂತದ ಶಿಕ್ಷಣವೂ ಮೂಲಭೂತ ಹಕ್ಕು" ಎಂದು ಬರೆದು ಮೋಹಿನಿ ಜೈನ್ ಹೆಸರು ಹಾಕಿದರೆ ಅದು ತಪ್ಪು ಆಧಾರ. ಅದೇ ಕೇಸನ್ನು "ಹಕ್ಕು ಹುಟ್ಟಿದ್ದು ಹೀಗೆ, ಕಿರಿದಾಗಿದ್ದು ಹೀಗೆ, ಸಂವಿಧಾನದೊಳಗೆ ಬಂದದ್ದು ಹೀಗೆ" ಎಂಬ ಸರಪಳಿಯ ಮೊದಲ ಕೊಂಡಿಯಾಗಿ ಬಳಸಿದರೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ಪೀಠದ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ ಎನ್ನುವುದು ಇದಕ್ಕೇ. ಇಬ್ಬರ ಪೀಠ ಹೇಳಿದ್ದನ್ನು ಐವರ ಪೀಠ ಬದಲಿಸಬಹುದು, ಐವರದ್ದನ್ನು ಇಬ್ಬರು ಬದಲಿಸಲಾಗದು.

ಓದುವುದು ಎಲ್ಲಿ? ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ ತೀರ್ಪುಗಳು ಉಚಿತ, ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಗೈಡ್‌ನಲ್ಲೋ ಚಾಟ್ ತಂತ್ರಾಂಶದಲ್ಲೋ ಸಿಕ್ಕ ಕೇಸು ನಿಜವಾಗಿಯೂ ಇದೆಯೇ ಎಂದು ಅಲ್ಲಿ ಒಮ್ಮೆ ಹುಡುಕಿಯೇ ನೋಟ್ಸ್‌ಗೆ ಇಳಿಸಿ. ಇಡೀ ತೀರ್ಪು ಓದಬೇಕಾಗಿಲ್ಲ. ಮೇಲಿರುವ ಹೆಡ್‌ನೋಟ್ (ತೀರ್ಪಿನ ಸಾರಾಂಶ) ದಾರಿ ತೋರಿಸಲಿಕ್ಕೆ ಮಾತ್ರ, ಅದು ತೀರ್ಪಿನ ಭಾಗವಲ್ಲ. ಮೊದಲ ಕೆಲವು ಪ್ಯಾರಾಗಳಲ್ಲಿ ವಾಸ್ತವಾಂಶ ಸಿಗುತ್ತದೆ. ಆಮೇಲೆ "ಇಟ್ ವಾಸ್ ಕಂಟೆಂಡೆಡ್", "ಲರ್ನೆಡ್ ಕೌನ್ಸೆಲ್ ಸಬ್ಮಿಟೆಡ್" ಎಂದು ಶುರುವಾಗುವ ಪ್ಯಾರಾಗಳು ಬರುತ್ತವೆ. ಅವು ವಕೀಲರ ವಾದ. ಎಷ್ಟೋ ಮಂದಿ ಸೋತ ಪಕ್ಷದ ವಕೀಲರ ಮಾತನ್ನೇ "ಕೋರ್ಟ್ ಹೇಳಿತು" ಎಂದು ಉದ್ಧರಿಸುವುದು ಇಲ್ಲಿಯೇ. "ಇನ್ ಅವರ್ ವ್ಯೂ", "ವಿ ಹೋಲ್ಡ್" ಎಂದು ಬಂದಲ್ಲಿ ನಿಧಾನಿಸಿ. ಕೊನೆಗೆ ಮೇಲ್ಮನವಿ ಪುರಸ್ಕೃತವೋ ವಜಾನೋ ನೋಡಿ.

ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿದ್ದರೆ ಬಹುಮತ ಯಾವುದು ಎಂದು ಖಚಿತಪಡಿಸಿಕೊಳ್ಳಿ. ಕೇಶವಾನಂದ ಭಾರತಿ (1973) ಪ್ರಕರಣದಲ್ಲಿ ಹದಿಮೂರು ನ್ಯಾಯಮೂರ್ತಿಗಳು, ಹನ್ನೊಂದು ಪ್ರತ್ಯೇಕ ಅಭಿಪ್ರಾಯಗಳು, ಸಂವಿಧಾನದ ಮೂಲ ರಚನೆಯ ವಿಷಯದಲ್ಲಿ 7-6. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹೂಡಿದ ಈ ಕೇಸು ನಮಗೆ ಹತ್ತಿರದ್ದು, ಆದರೆ ಏಳು ನೂರು ಪುಟಗಳನ್ನು ಶಾಲಾ ಹಂತದಲ್ಲಿ ಓದಲು ಹೋಗಬೇಡಿ. ಸಂಸತ್ತು ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು (24ನೇ ತಿದ್ದುಪಡಿ ಊರ್ಜಿತ), ಮೂಲ ರಚನೆಯನ್ನು ಕೆಡವಲಾಗದು: ಈ ಎರಡನ್ನೂ ಸೇರಿಸಿ ಬರೆಯಿರಿ. ಎರಡನೆಯದನ್ನು ಮಾತ್ರ ಬರೆದರೆ ಅರ್ಧ ಕೇಸು.

ಪತ್ರಿಕೆಯ ತಲೆಬರಹದಿಂದ ಕೇಸು ಎತ್ತಿಕೊಳ್ಳಬೇಡಿ. "ಸರ್ಕಾರಕ್ಕೆ ಹೈಕೋರ್ಟ್ ಛೀಮಾರಿ" ಎಂದರೆ ಹೆಚ್ಚಿನ ಸಲ ವಿಚಾರಣೆಯ ನಡುವೆ ಬಾಯಿಮಾತಲ್ಲಿ ಬಂದದ್ದು, ಆದೇಶದಲ್ಲಿ ಇರುವುದೇ ಇಲ್ಲ. ತಡೆಯಾಜ್ಞೆಯೂ ಅಂತಿಮ ತೀರ್ಪಲ್ಲ.

ಇಸವಿಗಳಲ್ಲಿ ಒಂದು ಗೊಂದಲವಿದೆ. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಕೇಸನ್ನು ಕೆಲವರು 1961 ಎನ್ನುತ್ತಾರೆ, ಕೆಲವರು 1962. ತೀರ್ಪು ಬಂದದ್ದು 1961ರ ನವೆಂಬರ್, ತೀರ್ಪುಗಳನ್ನು ಅಚ್ಚುಮಾಡುವ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ವರದಿಯಲ್ಲಿ ಅಚ್ಚಾದದ್ದು 1962. ಎಐಆರ್ 1962 ಎಸ್‌ಸಿ 605 ಎಂದರೆ ಆ ವರ್ಷದ ಸಂಪುಟದ ಸುಪ್ರೀಂ ಕೋರ್ಟ್ ವಿಭಾಗ, 605ನೇ ಪುಟ. ಇಷ್ಟು ವಿವರ ಪ್ರಾಜೆಕ್ಟಿಗೆ ಬೇಕು. ಪರೀಕ್ಷೆಯಲ್ಲಿ ಹೆಸರು, ನ್ಯಾಯಾಲಯ, ಇಸವಿ ಸಾಕು. ಇಸವಿ ನೆನಪಾಗದಿದ್ದರೆ ಬಿಟ್ಟುಬಿಡಿ, ಊಹಿಸಬೇಡಿ. ಹೆಸರೇ ಮರೆತರೂ "ಅಪ್ರಾಪ್ತನ ಅಡಮಾನದ ಪ್ರಿವಿ ಕೌನ್ಸಿಲ್ ಪ್ರಕರಣ" ಎಂದು ಬರೆದು ಕಾರಣವನ್ನು ಸರಿಯಾಗಿ ಕೊಡಿ. ಕಾರಣವಿಲ್ಲದ ಹೆಸರಿಗಿಂತ ಹೆಸರಿಲ್ಲದ ಕಾರಣ ಮೇಲು.

ಕ್ರಿಮಿನಲ್ ಕಾನೂನಿನ ಅಧ್ಯಾಯಕ್ಕೆ ಈಗ ಇನ್ನೊಂದು ಹೆಜ್ಜೆ ಹೆಚ್ಚಿದೆ. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಹಳೆಯ ತೀರ್ಪುಗಳಲ್ಲೆಲ್ಲ ಐಪಿಸಿ ಸೆಕ್ಷನ್‌ಗಳೇ ಇವೆ. ನಾನಾವತಿಯಲ್ಲಿ ಚರ್ಚೆಯಾದ ಗಂಭೀರ ಹಾಗೂ ಹಠಾತ್ ಪ್ರಚೋದನೆ ಐಪಿಸಿ 300ರ ಮೊದಲ ವಿನಾಯಿತಿ. ಈಗ ಅದು ಸಂಹಿತೆಯ 101ರಲ್ಲಿದೆ. ಕೊಲೆಯ ಶಿಕ್ಷೆ 302ರಿಂದ 103ಕ್ಕೆ ಹೋಗಿದೆ. ಸೆಕ್ಷನ್ ಸಂಖ್ಯೆ ಬದಲಾದ ಮಾತ್ರಕ್ಕೆ ತೀರ್ಪು ಬಿದ್ದುಹೋಗುವುದಿಲ್ಲ. ಹಳೆಯ ಮತ್ತು ಹೊಸ ಸೆಕ್ಷನ್‌ಗಳನ್ನು ಪಕ್ಕಪಕ್ಕ ಇಟ್ಟು ಪದಗಳನ್ನು ಹೋಲಿಸಿ. ಪದಗಳು ಹಾಗೆಯೇ ಇದ್ದರೆ ಹಳೆಯ ಕೇಸನ್ನು ಹೊಸ ಸಂಖ್ಯೆಯೊಂದಿಗೆ ಬರೆಯಿರಿ. ಬದಲಾಗಿದ್ದರೆ ಏನು ಬದಲಾಯಿತು ಎಂದು ಒಂದು ಸಾಲಿನಲ್ಲಿ ಹೇಳಿಯೇ ಕೇಸಿಗೆ ಬನ್ನಿ.