ಮೈ ಹಗುರಾದ ದಿನವೇ ಎಚ್ಚರ ಬೇಕು

ಪ್ರಶ್ನೆ: ನನಗೆ 38 ವರ್ಷ, ಕಲಬುರಗಿಯ ಬ್ರಹ್ಮಪುರದಲ್ಲಿ ಮನೆ. ಮೂರು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ, ಮಾತ್ರೆ ತಪ್ಪಿಸಿಲ್ಲ. ಕೈಕಾಲು ಹಗುರಾದ ದಿನ ರೊಟ್ಟಿ, ಬಟ್ಟೆ, ನೀರು ತುಂಬುವುದು, ಬಾಕಿ ಬಿದ್ದದ್ದೆಲ್ಲಾ ಮುಗಿಸುತ್ತೇನೆ. ಮರುದಿನ ಏಳಲು ಆಗುವುದಿಲ್ಲ. ಅತ್ತೆ "ನಿನ್ನಿ ಚಲೋ ಇದ್ದಿ, ಇವತ್ತೇನಾತು?" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿನ್ನೆ ಚಲೋ ಇದ್ದದ್ದಕ್ಕೇ ಇವತ್ತು ಹೀಗಾಗಿದೆ, ಅತ್ತೆಯವರಿಗೆ ಅದನ್ನೇ ಹೇಳಿ. ಒಂದೆರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಸಾಧಾರಣ ದಿನ, ಮರುದಿನ ನೋವು ಏರದ ಹಾಗೆ, ಎಷ್ಟು ಕೆಲಸ ಆಗುತ್ತೆ? ಅದಕ್ಕಿಂತ ಸ್ವಲ್ಪ ಕಮ್ಮಿಯೇ ನಿಮ್ಮ ಅಳತೆ. ಮೈ ಹಗುರಾದ ದಿನಕ್ಕೂ ಅಷ್ಟೇ. ಕಷ್ಟ ಇರುವುದು ಇಲ್ಲೇ ನೋಡಿ.

ರೊಟ್ಟಿಯನ್ನೇ ತಗೊಳ್ಳಿ. ಬಡಿಯುವಾಗ ಏಟು ಬೀಳುವುದು ಮಣಿಕಟ್ಟಿಗೆ, ಬೆರಳ ಬುಡಕ್ಕೆ, ಈ ರೋಗ ಜಾಸ್ತಿ ಹಿಡಿಯುವ ಸಂದುಗಳೂ ಅವೇ. ಮೂವತ್ತು ರೊಟ್ಟಿಯ ಹಿಟ್ಟು ಒಟ್ಟಿಗೆ ನಾದಬೇಡಿ. ಹತ್ತಕ್ಕಾಗುವಷ್ಟು ನಾದಿ, ಹತ್ತು ಬಡಿದು, ಒಲೆ ಆರಿಸಿ ಕೂತುಬಿಡಿ. ನೋವು ಬಂದ ಮೇಲೆ ನಿಲ್ಲಿಸುವುದಲ್ಲ, ಗಡಿಯಾರ ನೋಡಿ ನಿಲ್ಲಿಸುವುದು. "ಇನ್ನೆರಡೇ ಇವೆ, ಮುಗಿಸಿಬಿಡೋಣ" ಅನ್ನಿಸುತ್ತಲ್ಲ, ಆವಾಗಲೇ ಏಳಬೇಕು. ಕಟಕ್ ರೊಟ್ಟಿ ಅಂಗಡಿಯಲ್ಲೂ ಸಿಗುತ್ತೆ, ವಾರಗಟ್ಟಲೆ ಇರುತ್ತೆ. ದಿನಾ ಬಿಸಿ ರೊಟ್ಟಿಯೇ ಬೇಕು ಅನ್ನುವವರಿಗೆ ಬಡಿಯುವುದು ಕಲಿಸಿ (ಗಂಡಸರ ಕೈಯೂ ಕೈಯೇ, ಅಲ್ವಾ).

ಈ ರೋಗದಲ್ಲಿ ಬೆಳಗ್ಗೆ ಸಂದು ಬಿಗಿದಿರುತ್ತವೆ, ಭಾರದ ಕೆಲಸ ತಡವಾಗಿ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮೇ ತಿಂಗಳ ಕಲಬುರಗಿಯಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ, ತಡ ಅಂದರೆ ಯಾವಾಗ? ಎದ್ದ ಕೂಡಲೇ ಬೆಚ್ಚಗಿನ ನೀರಲ್ಲಿ ಕೈ ಅದ್ದಿ ಬೆರಳು ಆಡಿಸಿ, ಕೂತು ಮಾಡುವ ಸಣ್ಣ ಕೆಲಸ ಮೊದಲು ಮುಗಿಸಿ, ಉಳಿದದ್ದನ್ನು ಒಂಬತ್ತರ ಒಳಗೆ ಅಥವಾ ಸಂಜೆಗೆ ಇಟ್ಟುಕೊಳ್ಳಿ. ಕೊಡದ ಬದಲು ಪೈಪು ಹಾಕಿ ನೀರು ತುಂಬಿ.

ಪೂರ್ತಿ ಮಲಗಿಬಿಡುವುದೂ ಬೇಡ. ಸಂದು ಇನ್ನೂ ಬಿಗಿಯುತ್ತವೆ, ದಿನಾ ಸ್ವಲ್ಪ ನಡಿಗೆ ಇರಲಿ. ಈ ರೋಗಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಔಷಧಿ ತಗೊಳ್ಳುತ್ತಿದ್ದರೆ ಮರುದಿನ ಸುಸ್ತು, ವಾಕರಿಕೆ ಸಾಮಾನ್ಯ. ಆ ದಿನ ಖಾಲಿ ಇಡಿ. ಹೋಳಿಯ ಬೆನ್ನಿಗೇ ಶರಣಬಸವೇಶ್ವರ ಜಾತ್ರೆ, ಮನೆ ತುಂಬ ಬೀಗರು. ಜಾತ್ರೆಗೆ ಮುಂಚಿನ ಎರಡು ದಿನ, ಆಮೇಲಿನ ಎರಡು ದಿನ ಬೇರೇನೂ ಒಪ್ಪಿಕೊಳ್ಳಬೇಡಿ. ಅಳತೆ ಹಿಡಿದು ನಡೆದರೂ ಸಂದು ಊದುತ್ತಿದ್ದರೆ, ಬೆಳಗಿನ ಬಿಗಿತ ಒಂದು ಗಂಟೆ ದಾಟುತ್ತಿದ್ದರೆ, ಔಷಧಿ ಸಾಲುತ್ತಿಲ್ಲ ಅಂತಿರಬಹುದು. ಡಾಕ್ಟರಿಗೆ ತೋರಿಸಿ, ರಕ್ತಹೀನತೆ, ಥೈರಾಯ್ಡ್ ಕೂಡ ನೋಡಿಸಿ.

ಪ್ರಶ್ನೆ: ಬೀದರ್‌ನವನು, 24 ವರ್ಷ. ಜ್ವರ ಬಂದು ಹೋಗಿ ಎಂಟು ತಿಂಗಳಾಯಿತು, ಸುಸ್ತು ಬಿಟ್ಟಿಲ್ಲ. ಟೆಸ್ಟ್ ಎಲ್ಲಾ ನಾರ್ಮಲ್. ಕೋಟೆಯೊಳಗೆ ಒಂದು ಸುತ್ತು ನಡೆದರೆ ಎರಡನೇ ದಿನ ಹಾಸಿಗೆ ಹಿಡಿಯುತ್ತೇನೆ. ಗೆಳೆಯರು ಜಿಮ್‌ಗೆ ಬಾ ಅನ್ನುತ್ತಾರೆ. ಹೋಗಲಾ?

ಉತ್ತರ: ಸದ್ಯಕ್ಕೆ ಬೇಡ. ಮೈ ದಣಿಸಿ 12ರಿಂದ 48 ಗಂಟೆಯಾದ ಮೇಲೆ ಕುಸಿಯುವುದು ಎಂಇ/ಸಿಎಫ್‌ಎಸ್ ಅನ್ನುವ, ತಿಂಗಳುಗಟ್ಟಲೆ ಸುಸ್ತು ಬಿಡದ ರೋಗದ ಮುಖ್ಯ ಗುರುತು. ನಿಮಗೆ ಅದೇ ಇದೆ ಅಂತ ಪತ್ರ ನೋಡಿ ಹೇಳಲಾಗದು, ಫಿಜಿಶಿಯನ್ ಹತ್ತಿರ ಈ "ಎರಡನೇ ದಿನ"ದ ವಿಷಯ ಬಿಡಿಸಿ ಹೇಳಿ. ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ ಈ ರೋಗಕ್ಕೆ ವ್ಯಾಯಾಮ ಹಂತಹಂತವಾಗಿ ಏರಿಸುವ ಚಿಕಿತ್ಸೆ ಕೊಡಬೇಡಿ ಅಂದಿದೆ. ಹಾಗಾಗಿ ಮೇಲಿನ ಅಕ್ಕನಿಗೆ ಹೇಳಿದ ದಿನದ ನಡಿಗೆ ನಿಮಗಲ್ಲ. ಓದು, ಮೊಬೈಲು, ಗಲಾಟೆಯ ಮದುವೆಮನೆ, ಇವನ್ನೂ ದಣಿವಿನ ಲೆಕ್ಕಕ್ಕೆ ಹಿಡಿದು, ನೀವೂ ದಿನಾ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕುಸಿದ ದಿನ ಅವತ್ತಿನದಲ್ಲ, ಅದರ ಹಿಂದಿನ ಎರಡು ದಿನದ ಪುಟ ತೆಗೆದು ನೋಡಿ.