ಮಂಗಳವಾರದ ಇಳಿತ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

"ಮೇಡಂ, ನಾನು ಕೈ ಚಾಚಿದ್ರೆ ಮಗ ಹೋಗಿ ಅವನಮ್ಮನ ಹಿಂದೆ ನಿಲ್ತಾನೆ. ಮನೆಗೆ ಯಾರೋ ನೆಂಟರು ಬಂದ ಹಾಗೆ ನೋಡ್ತಾನೆ."

ಸಲಹೆ ಕೇಳಿ ನನ್ನ ಬಳಿ ಬಂದಿದ್ದ ಈ ಅಪ್ಪ ಕುಂದಾಪುರದ ಕಡೆಯವರು, ಮುಂಬೈನ ಅಂಧೇರಿಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವವರು. ಬೆಳಿಗ್ಗೆ ಆರಕ್ಕೆ ಹೊರಟರೆ ವಾಪಸಾಗುವ ಹೊತ್ತಿಗೆ ಮಗನಿಗೆ ಗಾಢ ನಿದ್ದೆ. ಅವನಿಗೆ ನಾಲ್ಕೂವರೆ ವರ್ಷ. ಇವರಿಗೆ ರಜೆ ಮಂಗಳವಾರ ಮಾತ್ರ.

ಹೆಸರು ಕರೆದರೆ ತಿರುಗುತ್ತಾನಾ, ಶಾಲೆಯಲ್ಲಿ ಮಾತಾಡುತ್ತಾನಾ, ಓರಗೆಯ ಮಕ್ಕಳ ಜೊತೆ ಆಡುತ್ತಾನಾ ಎಂದು ಮೊದಲು ತಾಯಿಯನ್ನು ಕೇಳಿದೆ. ಅದರಲ್ಲಿ ತೊಡಕಿದ್ದಿದ್ದರೆ ಮಕ್ಕಳ ವೈದ್ಯರ ಬಳಿ ಕಳಿಸುತ್ತಿದ್ದೆ. ಇರಲಿಲ್ಲ. ಒಂದು ಆಟದ ಕಾರು ಕೊಟ್ಟು ಅಪ್ಪ-ಮಗನನ್ನು ಚಾಪೆ ಮೇಲೆ ಬಿಟ್ಟೆ. "ಇದು ಯಾವ ಕಲರ್? ಇಂಗ್ಲಿಷಲ್ಲಿ ಹೇಳು. ಚಕ್ರ ಎಷ್ಟು?" ಹತ್ತು ನಿಮಿಷದಲ್ಲಿ ಹದಿನಾಲ್ಕು ಪ್ರಶ್ನೆ, ಎಣಿಸಿದ್ದೇನೆ. ಹದಿನೈದನೆಯದಕ್ಕೆ ಹುಡುಗ ಅಮ್ಮನ ಮಡಿಲು ಸೇರಿದ. ವಾರಕ್ಕೊಮ್ಮೆ ಸಿಗುವ ಅಪ್ಪ ಬಾಯಿಪಾಠ ಒಪ್ಪಿಸಿಕೊಳ್ಳಲು ಬಂದರೆ ಯಾವ ಮಗು ನಿಂತೀತು?

"ಚಿಕ್ಕವರಿದ್ದಾಗ ಎಲ್ಲಿ ಆಡ್ತಿದ್ರಿ?"

"ಹೊಯ್ಗೆ ಮೇಲೆ. ಮತ್ತೆಲ್ಲಿ!" ಆವತ್ತು ಮೊದಲ ಸಲ ನಕ್ಕರು.

ಹೊಯ್ಗೆ ಎಂದರೆ ಮರಳು. ಹಾಗಾದರೆ ಜುಹೂ ಕಡಲತೀರಕ್ಕೆ ಹೋಗಿ ಎಂದೆ. ಇಬ್ಬರೇ. ಫೋನ್ ಜೇಬಿನಲ್ಲಿರಲಿ. ಮೊದಲ ಇಪ್ಪತ್ತು ನಿಮಿಷ ಒಂದೂ ಪ್ರಶ್ನೆ ಬೇಡ, ಅವನು ಕೂತಲ್ಲಿ ಕೂರಿ, ಅವನು ಮಾಡಿದ್ದನ್ನು ನೀವೂ ಮಾಡಿ. ಮಾತು ಬಂದರೆ ಕಂಡದ್ದನ್ನಷ್ಟೇ ಹೇಳಿ.

ಮೊದಲ ವಾರ ನೀರು ಇಳಿದಿತ್ತು. ಒದ್ದೆ ಮರಳಿನ ತುಂಬ ಸಾಸಿವೆಯಷ್ಟು, ಮೆಣಸಿನಕಾಳಿನಷ್ಟು ಉಂಡೆಗಳು, ಬಿಲದ ಸುತ್ತ ರಂಗೋಲಿ ಎಳೆದ ಹಾಗೆ. ಪುಟ್ಟ ಏಡಿಗಳು ಮರಳನ್ನು ಬಾಯಿಗಿಟ್ಟು, ಅದರಲ್ಲಿರುವ ಸೂಕ್ಷ್ಮ ಆಹಾರ ಹೀರಿ, ಉಳಿದದ್ದನ್ನು ಉಂಡೆ ಮಾಡಿ ಬಿಡುತ್ತವೆ. ಹೆಜ್ಜೆ ಸದ್ದಾದರೆ ಮಾಯ. ಏಡಿ ಮತ್ತೆ ಹೊರಬರಲೆಂದು ಇಬ್ಬರೂ ಉಸಿರು ಬಿಗಿಹಿಡಿದು ಕುಕ್ಕರಗಾಲಲ್ಲಿ ಕಾದರಂತೆ. ಬಂದಾಗ ಮಗ ಅಪ್ಪನ ಮೊಣಕಾಲು ಹಿಡಿದುಕೊಂಡನಂತೆ.

ಮುಂದಿನ ಮಂಗಳವಾರ ಸಂಜೆ ಫೋನ್: "ಎಲ್ಲ ಕೆಟ್ಟೋಯ್ತು ಮೇಡಂ. ಏಡಿನೂ ಇಲ್ಲ, ಮರಳೂ ಇಲ್ಲ. ಅತ್ತೂ ಅತ್ತೂ ಸಾಕಾಯ್ತು."

ತಪ್ಪು ನನ್ನದೇ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ ಆರು ಗಂಟೆ ಹತ್ತಿರ. ಹೋದ ವಾರ ಇಳಿತವಿದ್ದ ಹೊತ್ತಿಗೆ ಈ ವಾರ ಭರತ! ಕಡಲೂರಿನವರಿಗೆ ಇದನ್ನು ಹೇಳಬೇಕೇ ಎಂದು ಸುಮ್ಮನಿದ್ದೆ. ಗಲ್ಲೆಯ ಹಿಂದೆ ಹದಿನೆಂಟು ವರ್ಷ ಕೂತವರಿಗೆ ಅದು ಮರೆತೇಹೋಗಿತ್ತು. ಈಗ ಹೊರಡುವ ಮುಂಚೆ ಭರತ-ಇಳಿತದ ಪಟ್ಟಿ ನೋಡುತ್ತಾರೆ.

ತಾಯಿಗೂ ಒಂದು ಮಾತು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ವಯಸ್ಸಿಗೆ ದಿನಕ್ಕೆ 180 ನಿಮಿಷ ಓಡಾಟ, ಸ್ಕ್ರೀನ್ ಹೆಚ್ಚೆಂದರೆ ಒಂದು ಗಂಟೆ ಎಂದಿದೆ. ಅದನ್ನು ಮಂಗಳವಾರವೊಂದೇ ತುಂಬಿಸದು. ಕಟ್ಟಡದ ಕೆಳಗಿನ ಸಂಜೆಯಾಟ ನಿಲ್ಲಿಸಬೇಡಿ.

ನಿದ್ದೆಗೆ ಈಗಲೂ ಅಮ್ಮನೇ ಬೇಕು. ಅಪ್ಪನಿಗೆ ಅದು ಚುಚ್ಚುತ್ತದೆ. ಸದ್ಯಕ್ಕೆ ಬಿಡಿ ಎಂದಿದ್ದೇನೆ. ಮಳೆಗಾಲಕ್ಕೆ ಕಡಲು ಬೇಡ, ಅಲೆಯೂ ಅಪಾಯ, ದಡಕ್ಕೆ ಬೀಳುವ, ಜೆಲ್ಲಿಮೀನಿನಂಥ ನೀಲಿ ಬ್ಲೂಬಾಟಲ್‌ಗಳೂ ಕುಟುಕುತ್ತವೆ. ಅಲ್ಲಿಯವರೆಗೆ ಮಂಗಳವಾರ ಎದ್ದ ಕೂಡಲೇ ಹುಡುಗನ ಮೊದಲ ಪ್ರಶ್ನೆ: "ಅಪ್ಪಯ್ಯ, ಇವತ್ತು ನೀರು ಎಲ್ಲಿತ್?"